ಮಂದೆಯ ಜೊತೆ ಬಂದ ಜಾಲಿ

ಭರಮಸಾಗರದ ಹತ್ತಿರ ಏಕಾಂತಪ್ಪನ ಹೊಲ. ಗೊಬ್ಬರವಾಗಲಿ ಎಂದು ಹೋದ ವರ್ಷ ಅಲ್ಲಿ ಕುರಿಗಾಹಿ ಮೂರ್ತಪ್ಪನ ಕುರಿ ಮಂದೆ ನಿಲ್ಲಿಸಿದ್ದರು. ಈ ಸಲ ಮಳೆ ಬಿದ್ದ ಮೇಲೆ ನೋಡಿದರೆ, ಕುರಿ ಮಲಗಿದ್ದ ಜಾಗದಲ್ಲೆಲ್ಲ ಜಾಲಿ ಸಸಿ. ಹೆಂಡತಿ ಕೊಟ್ರಮ್ಮ ಪಕ್ಕದ ಹೊಲದತ್ತ ನೋಡಿದಳು. ಅದರಲ್ಲೂ ಹೀಗೇ ಶುರುವಾಗಿ, ಈಗ ಆ ಮುಳ್ಳಿನೊಳಗೆ ನಾಯಿ ಕೂಡ ನುಗ್ಗುವುದಿಲ್ಲ. ಇವರಿಗೆ ಇರುವುದು ಇದೊಂದೇ ಹೊಲ.

"ನಾಳೆ ಮೂರ್ತಪ್ಪನ ಮಂದೆ ಮತ್ತೆ ಬರ್ತೈತೆ. ಬ್ಯಾಡ ಅನ್ರಿ. ನಂಗೆ ಭಯ ಆಗ್ತೈತೆ," ಎಂದಳು.

ಏಕಾಂತಪ್ಪ ನಕ್ಕುಬಿಟ್ಟ. "ಜಾಲಿಗೆ ಹೆದರ್ತಾರೇನೆ? ನಮ್ಮಪ್ಪ ನೇಗಿಲು ಮಾಡ್ಸಿದ್ದೇ ಜಾಲೀಲಿ."

ಕೊಟ್ರಮ್ಮ ಸುಮ್ಮನಿರಲಿಲ್ಲ. ಪಕ್ಕದ ಮನೆಯ ಚೈತ್ರಾ ರೈತರಿಗೆ ಸಲಹೆ ಕೊಡುವ ಕೃಷಿ ಸಖಿ; ಅವಳನ್ನು ಹೊಲಕ್ಕೇ ಕರೆತಂದಳು. ಏಕಾಂತಪ್ಪ ಅವಳಿಗೂ ಅದೇ ನೇಗಿಲಿನ ಮಾತು ಹೇಳಿದ.

"ಏಕಾಂತಣ್ಣ, ನೇಗಿಲಿಗೆ ಬಂದಿದ್ದು ಕರಿಜಾಲಿ," ಎಂದಳು ಚೈತ್ರಾ. "ಹಳದಿ ಗುಂಡು ಹೂವು, ಮಣಿ ಪೋಣಿಸಿದಂಗೆ ಕಾಯಿ. ಅದು ನಮ್ಮ ಮರ. ಇದು ಬಳ್ಳಾರಿ ಜಾಲಿ, ಹೊರದೇಶದ್ದು. ಹೂವು ಉದ್ದ, ಕಾಯಿ ಸಿಹಿ."

"ಹೊರಗಿನ್ದಾದ್ರೆ ಏನಾತು? ಮರ ಮರಾನೇ."

"ನಮ್ಮ ಕರಿಜಾಲೀನೇ ನೆರಳಿಗೆ ಅಂತ ಆಸ್ಟ್ರೇಲಿಯಾಕ್ಕೆ ಒಯ್ದ್ರು. ಅಲ್ಲಿ ದನ ಕಾಯಿ ತಿಂದು, ಸೆಗಣೀಲಿ ಬೀಜ ಹಾಕಿ, ಹುಲ್ಲುಗಾವಲೆಲ್ಲ ಮುಳ್ಳಾತು. ಇಲ್ಲಿ ಸಾಧು ಮರ, ಅಲ್ಲಿ ಕಳೆ. ಬಳ್ಳಾರಿ ಜಾಲಿ ನಮ್ಗೆ ಮಾಡ್ತಿರೋದೂ ಅದನ್ನೇ, ಕುರಿ ಹಿಕ್ಕೇಲಿ ಬೀಜ ಬರ್ತೈತೆ."

ಏಕಾಂತಪ್ಪನಿಗೆ ನಂಬಿಕೆ ಬರಲಿಲ್ಲ. ಕೆರೆ ಅಂಗಳದಲ್ಲಿ ಮೂರ್ತಪ್ಪನ ಕುರಿಗಳು ಬಳ್ಳಾರಿ ಜಾಲಿ ಕಾಯಿ ಮೇಯುತ್ತಿದ್ದವು. ಹೆಂಗಸರಿಬ್ಬರನ್ನೂ ಕರೆದುಕೊಂಡು ಅಲ್ಲಿಗೇ ಹೋಗಿ ಹಿಕ್ಕೆ ಒಡೆದು ನೋಡಿದ. ಒಳಗೆ ಅರಗದ ಗಟ್ಟಿ ಬೀಜ. ಇನ್ನೊಂದು ಒಡೆದ, ಮತ್ತೊಂದು ಒಡೆದ. ಎಲ್ಲದರಲ್ಲೂ ಅದೇ.

"ಗೊಬ್ರ ಅಂತ ಕರೆಸಿ, ನಾನೇ ಜಾಲಿ ಬಿತ್ತಿಸ್ಕಂಡ್ನಲ್ಲ," ಎಂದ.

"ಹಂಗಾರೆ ನನ್ನ ಮಂದೆ ಯಾರೂ ಕರಿಯಂಗಿಲ್ವ?" ಎಂದು ಮೂರ್ತಪ್ಪ ಗಾಬರಿಯಾದ.

"ಕರೀತಾರೆ. ಮೊದ್ಲು ಜಾಲಿ ಕಾಯಿ ಸಿಗದ ಕಡೆ ಒಂದು ವಾರಕ್ಕಿಂತ ಜಾಸ್ತಿ ಮೇಯಿಸ್ರಿ. ಹೊಟ್ಟೇಲಿರೋ ಬೀಜ ಹೊರಗೆ ಹೋಗ್ಲಿ, ಆಮೇಲೆ ಹೊಲಕ್ಕೆ ತರ್ರಿ," ಎಂದಳು ಚೈತ್ರಾ.

ಸಸಿ ಕೊಯ್ಯಲು ಏಕಾಂತಪ್ಪ ಕುಡುಗೋಲು ತರಲು ಹೊರಟ. ಚೈತ್ರಾ ತಡೆದಳು. "ಮೇಲೆ ಕೊಯ್ದ್ರೆ ಒಂದಕ್ಕೆ ನಾಲ್ಕು ಚಿಗುರ್ತಾವೆ. ಮಣ್ಣು ಹಸಿ ಇರುವಾಗ್ಲೇ ಬೇರು ಸಮೇತ ಕೀಳ್ರಿ."

ಗಂಡ, ಹೆಂಡತಿ, ಚೈತ್ರಾ ಮೂವರೂ ಹೊಲಕ್ಕೆ ಬಂದು ಸಸಿ ಕೀಳಲು ಬಗ್ಗಿದರು. ಕತ್ತಲಾಗುವವರೆಗೂ ಏಕಾಂತಪ್ಪ ತಲೆ ಎತ್ತಲಿಲ್ಲ.

ರೈತ ಬಂಧುಗಳೇ, ಮಂದೆ ನಿಲ್ಲಿಸುವ ಮುಂಚೆ ಕುರಿ ಏನು ಮೇಯ್ದಿದೆ ಎಂದು ಕೇಳಿ. ಕರಿಜಾಲಿ ಉಳಿಸಿ, ಬಳ್ಳಾರಿ ಜಾಲಿ ಬೇರು ಸಮೇತ ತೆಗೆಯಿರಿ. ಬೆರಳುದ್ದ ಇರುವಾಗಲೇ ಅದನ್ನು ನೀವು ಕೀಳದಿದ್ದರೆ, ಆಳುದ್ದ ಬೆಳೆದು ಅದೇ ನಿಮ್ಮನ್ನು ಹೊಲದಿಂದ ಕೀಳುತ್ತದೆ.