ಬಾಲ ಹಿಡಿದ ಕೈ

ಬಿಳಿ ಇಲಿಯನ್ನು ಬಾಲ ಹಿಡಿದು ಎತ್ತಬಾರದು. ಪ್ಲಾಸ್ಟಿಕ್ ಟ್ಯೂಬಿನೊಳಗೆ ಅದಾಗಿಯೇ ನುಗ್ಗಲು ಬಿಟ್ಟು, ಟ್ಯೂಬನ್ನೇ ಎತ್ತಬೇಕು. ಪರದೇಶದ ಒನೆಹುಂಗಾ ಬಡಾವಣೆಯ ಆ ಖಾಸಗಿ ಪ್ರಯೋಗಾಲಯದಲ್ಲಿ 2016ರಿಂದ ಇದೇ ನಿಯಮ. ಇದೇನು ಬ್ರಹ್ಮವಿದ್ಯೆಯೇ? ನಾಲ್ಕು ದಿನ ತಾಳ್ಮೆಯಿಂದ ಪಳಗಿಸಿದರೆ ಇಲಿಗಳು ಟ್ಯೂಬ್ ಕಂಡೊಡನೆ ತಾವೇ ಒಳಗೆ ಓಡುತ್ತವೆ. ಮೈಸೂರಿನಿಂದ ಓದಲು ಬಂದು, ಇಲ್ಲೇ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಸ್ಮೃತಿ ನಲವತ್ತೆಂಟು ಇಲಿಗಳನ್ನು ಹೀಗೇ ಪಳಗಿಸಿದ್ದಳು.

ಆ ಮಂಗಳವಾರ ಬೆಳಿಗ್ಗೆ ನೋಡಿದರೆ ಒಂದು ಇಲಿ ಪಂಜರದ ಮೂಲೆಯಲ್ಲಿ ಮುದುರಿಕೊಂಡಿತ್ತು. ಬಾಲದ ಚರ್ಮ ಕಾಲುಚೀಲದ ಹಾಗೆ ಕಳಚಿ ಒಳಗಿನ ಕೆಂಪು ಕಾಣುತ್ತಿತ್ತು. ಅವಳ ಮೈಯೆಲ್ಲ ಉರಿದುಹೋಯಿತು. ಪಶುವೈದ್ಯೆಗೆ ಫೋನ್ ಮಾಡಿ ತಿರುಗಿದರೆ, ವಿಜ್ಞಾನಿ ಬದರಿನಾಥ್ ಇನ್ನೊಂದು ಇಲಿಯನ್ನು ಬಾಲದಲ್ಲೇ ನೇತಾಡಿಸಿ ತೂಕಕ್ಕೆ ಹಾಕುತ್ತಿದ್ದರು. ಅವಳಿಗೆ ಈ ಕೆಲಸದ ಸುದ್ದಿ ಹೇಳಿದ್ದೇ ಅವರು. ಹಬ್ಬ ಬಂದರೆ ಮೌಂಟ್ ಆಲ್ಬರ್ಟಿನ ಮನೆಗೆ ಕರೆದು ಊಟ ಹಾಕುವವರೂ ಅವರೇ.

"ಅಂಕಲ್, ಬಿಡಿ ಅದನ್ನ! ಟ್ಯೂಬ್ ಅಲ್ಲೇ ಇದೆಯಲ್ಲ!"

"ಅಯ್ಯೋ, ಟ್ಯೂಬ್ ಹಿಡ್ಕೊಂಡು ಕಾಯ್ತಾ ಕೂತ್ರೆ ಸಂಜೆ ಆಗತ್ತಮ್ಮ. ಮೂವತ್ತು ವರ್ಷದಿಂದ ಹೀಗೇ ಎತ್ತಿದೀನಿ. ಯಾವ ಇಲೀನೂ ಕಂಪ್ಲೇಂಟ್ ಕೊಟ್ಟಿಲ್ಲ."

"ಇದು ಕೊಟ್ಟಿದೆ, ನೋಡಿ!" ಪಂಜರವನ್ನು ಅವರ ಮುಖಕ್ಕೇ ಹಿಡಿದಳು.

ಅವರು ನೋಡಿದರು, ದನಿ ತಗ್ಗಿಸಿದರು. "ಮುಚ್ಚಳಕ್ಕೆ ಸಿಕ್ಕಿಹಾಕ್ಕೊಂಡ್ತು ಅಂತ ಬರೆದುಬಿಡು. ಇಲ್ದಿದ್ರೆ ನಿಂಗೇ ಕಷ್ಟ. ನಂಗೆ ಹಿಡಿಯೋಕೆ ಬರತ್ತೆ ಅಂತ ಸಹಿ ಹಾಕಿರೋಳು ನೀನೇ ಅಲ್ವಾ?"

ಕಪಾಳಕ್ಕೆ ಹೊಡೆದಂತಾಯಿತು. ಹೌದು, ಹಾಕಿದ್ದಳು. ಯಾವ ವಿಜ್ಞಾನಿಯೇ ಆಗಲಿ, ಅವಳೆದುರು ಐದು ಇಲಿ ಎತ್ತಿ ತೋರಿಸಿದ ಮೇಲೆಯೇ ಅವಳು ಸಹಿ ಹಾಕಬೇಕು. ಬೇರೆಯವರನ್ನೆಲ್ಲ ಹಾಗೇ ಪರೀಕ್ಷೆ ಮಾಡಿದ್ದಳು. ಬದರಿನಾಥ್ ಅಂಕಲ್ ಫಾರಂ ಚಾಚಿದಾಗ ಮಾತ್ರ, ಅಪ್ಪನ ವಯಸ್ಸಿನವರಿಗೆ ನಾನು 'ಎತ್ತಿ ತೋರಿಸಿ' ಅನ್ನುವುದಾ ಎಂದು ನಾಚಿ, ನೋಡದೆಯೇ ಗೀಚಿಬಿಟ್ಟಿದ್ದಳು. ಎಂಥ ಹಾಳು ದಾಕ್ಷಿಣ್ಯ! ದೊಡ್ಡವರ ಮರ್ಯಾದೆ ಉಳಿಯಬೇಕಂತೆ, ಅದಕ್ಕೆ ಇಲಿಯ ಚರ್ಮ ಸುಲಿಯಬೇಕಂತೆ! ಅವರ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದದ್ದೇ ಹೆಚ್ಚಾಗಿತ್ತು.

ಪಶುವೈದ್ಯೆ ಬಂದು ನೋಡಿ, ಇನ್ನು ನರಳುವುದು ಬೇಡವೆಂದು ಇಂಜೆಕ್ಷನ್ ಕೊಟ್ಟಳು. ಸ್ಮೃತಿಯ ಅಂಗೈಯಲ್ಲೇ ಅದು ಬಿಸಿ ಕಳೆದುಕೊಂಡಿತು. ಹನ್ನೆರಡರೊಳಗೆ ವರದಿ ಬೇಕೆಂದು ಹೇಳಿ ವೈದ್ಯೆ ಹೊರಟುಹೋದಳು.

ನಿಜ ಬರೆದರೆ ಕೆಲಸಕ್ಕೇ ಕುತ್ತು. ಸುಳ್ಳು ಬರೆದರೆ ಉಳಿದ ನಲವತ್ತೇಳು ಬಾಲಗಳೂ ಅದೇ ಕೈಗೆ. ಸ್ಮೃತಿ ಕಂಪ್ಯೂಟರಿನ ಮುಂದೆ ಕುಳಿತು ಎರಡೇ ಸಾಲು ಬರೆದಳು: ಬಾಲ ಹಿಡಿದು ಎತ್ತಿದ್ದರಿಂದ ಗಾಯವಾಗಿದೆ. ಎತ್ತಿದವರನ್ನು ಪರೀಕ್ಷಿಸದೆಯೇ ನಾನು ಸಹಿ ಹಾಕಿದ್ದೆ. ಮತ್ತೆ ಓದಿ ನೋಡಲೂ ಇಲ್ಲ, ಕಳಿಸಿಬಿಟ್ಟಳು.

ಎರಡು ಗಂಟೆಯ ಹೊತ್ತಿಗೆ ಇಲಿಗಳ ಕೋಣೆಯ ಬಾಗಿಲು ಇಬ್ಬರ ಕಾರ್ಡಿಗೂ ತೆರೆಯಲಿಲ್ಲ. ಬದರಿನಾಥ್ ತಮ್ಮ ಕಾರ್ಡನ್ನು ನಾಲ್ಕು ಸಲ ಉಜ್ಜಿ ನೋಡಿ, ಅವಳ ಕಡೆ ತಿರುಗಿದರು.

"ಒಂದು ಇಲಿಗೋಸ್ಕರ ನಮ್ಮೋರಿಗೇ ಹೀಗೆ ಮಾಡೋದಾ ಸ್ಮೃತಿ?"

"ನಮ್ಮೋರು ಅಂತಾನೇ ಅವತ್ತು ನಾನು ನಿಮ್ಮ ಕೈ ನೋಡ್ಲಿಲ್ಲ ಅಂಕಲ್," ಎಂದಳು ಅವಳು. "ಅದಕ್ಕೇ ಅದು ಸತ್ತಿದ್ದು."