ಬನಹಟ್ಟಿ ಗಂಟು

ಮಾದೇವಿ ಒಂದು ಮಾತು ಹೇಳಿದರೆ ಮುಗಿಯಿತು. "ಈ ಐತವಾರ ಸಮುದ್ರದ ಏಡಿ ನನ್ನ ಕೈಲೆ ಹಿಡೀತೇನ್ರಿ. ಆಗಲಿಲ್ಲಂದ್ರ ಸೋಮವಾರ ತವರಮನಿ ಬನಹಟ್ಟಿಗೆ ಬಸ್ ಹತ್ತಾಕಿನ. ನೀವು ಇಲ್ಲೇ ನೌಕರಿ ಮಾಡ್ಕೋತ ಇರ್ರಿ," ಎಂದುಬಿಟ್ಟಳು.

ಜಮಖಂಡಿಯವನಾದ ನಾನು ಎಪ್ಪತ್ತೆರಡನೇ ಇಸವಿಯಲ್ಲಿ ಗುಮಾಸ್ತನಾಗಿ ಕುಮಟೆಗೆ ವರ್ಗವಾಗಿದ್ದೆ. ಪಕ್ಕದ ಮನೆಯ ಹೊನ್ನಮ್ಮ ಮೀನುಪೇಟೆಯಲ್ಲಿ ಎಲ್ಲರೆದುರು, "ಈ ಘಟ್ಟದ ಮೇಲಿನವಳಿಗೆ ಏಡಿಯ ಹಿಂದುಮುಂದು ಗೊತ್ತುಂಟಾ?" ಎಂದು ನಕ್ಕಿದ್ದಳಂತೆ. ಅಂದಿನಿಂದ ನನ್ನ ಹೆಂಡತಿ ಹೊಸಿಲು ದಾಟಿರಲಿಲ್ಲ. ಹೋದರೆ ಹೋಗಲಿ ಎನ್ನುವ ಗಂಡಸು ನಾನಲ್ಲ. ಅವಳಿಲ್ಲದ ಮನೆಯನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು.

ಹೊನ್ನಮ್ಮನ ಮಗ ಬುದವಂತನನ್ನು ಕಾಡಿಬೇಡಿ ಅವನ ದೋಣಿ ಹತ್ತಿದೆವು. ಕೃಷ್ಣಾ ಹೊಳೆಯ ವಾಡಿಕೆಯಂತೆ ನಾನು ಗಾಳಕ್ಕೆ ಜೋಳದ ಹಿಟ್ಟು ಮೆತ್ತಿದೆ. ಸಮುದ್ರದ ಮೀನು ಅದನ್ನು ಮೂಸಿಯೂ ನೋಡಲಿಲ್ಲ. ಆಮೇಲೆ ತಲೆ ಸುತ್ತಿ, ತಿಂದದ್ದನ್ನೆಲ್ಲ ಸಮುದ್ರಕ್ಕೇ ಒಪ್ಪಿಸಿದೆ.

ಬುದವಂತ ಎರಡು ಬೆತ್ತದ ಬಳೆಗಳಿಗೆ ಚೀಲದ ಹಾಗೆ ಬಲೆ ಕಟ್ಟಿ, ಒಳಗೆ ಮೀನಿನ ತಲೆ ಬಿಗಿದು, ಬಂಡೆಗಳ ಪಕ್ಕ ಇಳಿಬಿಟ್ಟಿದ್ದ. ಮೊದಲನೆಯದನ್ನು ಎತ್ತಿದರೆ ತಳವೇ ಹರಿದಿತ್ತು. ಏಡಿ ನಮ್ಮ ಕಣ್ಣೆದುರೇ ಜಾರಿ ನೀರಿಗೆ ಬಿತ್ತು. ಎರಡನೆಯದೂ ಅಷ್ಟೇ.

"ಏಡಿ ಬಲೆನೇ ಕತ್ತರಿಸಿ ಹಾಕಿದೆ. ಗಾಳಿ ಬೇರೆ ಎದ್ದಿದೆ, ನಾ ಹುಟ್ಟು ಬಿಟ್ರೆ ದೋಣಿ ಬಂಡೆಗೆ ಹೊಡೀತದೆ. ಬಲೆ ಕಟ್ಟೋರ್ಯಾರು? ಹೋಗುವ," ಎಂದ ಬುದವಂತ.

ನಾನು ಮನಸ್ಸಿನಲ್ಲೇ ಸೋಮವಾರದ ಬಸ್ಸಿನ ಹೊತ್ತು ಲೆಕ್ಕ ಹಾಕಿದೆ.

"ದಾರ ಕೊಡೋ ತಮ್ಮಾ," ಎಂದಳು ಮಾದೇವಿ. ಮದುವೆಗೆ ಮುಂಚೆ ಮಗ್ಗದ ಮುಂದೆ ಕೂತು ಹರಿದ ಎಳೆ ಕೂಡಿಸುತ್ತಿದ್ದವಳು. ದೋಣಿ ಎಷ್ಟು ಹೊಯ್ದಾಡಿದರೂ ಬೆರಳು ನಿಲ್ಲಲಿಲ್ಲ. ಬುದವಂತ ಬಗ್ಗಿ ನೋಡಿದ.

"ಅರೆ, ಇದು ನಮ್ ಬಲೆ ಗಂಟಲ್ವ ಅಕ್ಕ! ಯಾರ್ ಕಲಿಸಿದ್ರು?"

"ನಿಮ್ಮದೆಲ್ಲಿಂದ ಆತೋ? ಇದು ಬನಹಟ್ಟಿ ಮಗ್ಗದ ಗಂಟು!"

ಬಲೆಯನ್ನು ಮತ್ತೆ ಇಳಿಸಿ ಕಾದಳು. ಹಗ್ಗ ಮುಟ್ಟಲು ನನಗೆ ಬಿಡಲಿಲ್ಲ. ತಾನೇ ಎಳೆದಳು. ತಳದಲ್ಲಿ ಅಂಗೈಗಿಂತ ಅಗಲವಾದ ಏಡಿ ಕೊಂಡಿ ಎತ್ತಿ ಕೂತಿತ್ತು, ಗಂಟು ಒಂದೂ ಬಿಚ್ಚಿರಲಿಲ್ಲ. ಅದನ್ನು ಹಿಂದಿನಿಂದ ಹಿಡಿದೆತ್ತಿ, ದಡದವರಿಗೂ ಕೇಳುವಂತೆ ಕೂಗಿದಳು: "ಹಿಡದೆ ನೋಡ್ರೀ!"

ದಡ ಮುಟ್ಟಿದಾಗ, ಮಗನಿಗಾಗಿ ಕಾದಿದ್ದ ಹೊನ್ನಮ್ಮ ಆ ಬಲೆಯ ತಳವನ್ನು ಜಗ್ಗಿ ಜಗ್ಗಿ ನೋಡಿದಳು. ದಡದ ಮೇಲಿನ ಬಲೆ ಇಡುವ ಗುಡಿಸಲಿಗೆ ಹೋಗಿ ತನ್ನದೊಂದು ಹರಿದ ಬಲೆ ತಂದು ಮಾದೇವಿಯ ಮುಂದಿಟ್ಟಳು. "ಇದನ್ನೂ ಒಂಚೂರು ಕಟ್ಟಿಕೊಡು ಮಾರಾಯ್ತಿ."

"ನಾಳೆ ಮನಿಗೆ ತಗೊಂಡ ಬರ್ರಿ ಹೊನ್ನಕ್ಕಾ, ಕೂತು ಕಟ್ಟೂನು. ಇವತ್ತ ನಮ್ಮನ್ಯಾಗ ಏಡಿ ಸಾರೈತಿ."

ನಾಳೆ ಎಂದರೆ ಸೋಮವಾರ. ನಾನು ಮರಳಿನ ಮೇಲೆ ಕುಣಿಯುವುದೊಂದು ಬಾಕಿ.