ಬಾಲೆ ಎಂಬ ಪದ

ತುಳುವಿನಲ್ಲಿ ಬಾಲೆ ಎಂದರೆ ಮಗು. ಗಂಡಾದರೂ ಬಾಲೆ, ಹೆಣ್ಣಾದರೂ ಬಾಲೆ. ಕನ್ನಡಕ್ಕೆ ಬಂದರೆ ಅದೇ ಬಾಲೆ ಮೀಸೆ ಚಿಗುರಿದವರ ಕಣ್ಣು ಕುಕ್ಕುವ ಹುಡುಗಿ. ಇಷ್ಟೇ ವ್ಯತ್ಯಾಸ ಪಾಣೆಮಂಗಳೂರಿನ ಅಮ್ಮಣಿಯ ಕರುಳು ಹಿಂಡಿತು.

ಒಂದು ನೆರೆಯಲ್ಲಿ, ತೇಲಿ ಬರುವ ತೆಂಗಿನಕಾಯಿ ಹಿಡಿಯಲು ನೇತ್ರಾವತಿಗೆ ಇಳಿದ ಅವಳ ಎಳೆ ಪ್ರಾಯದ ಮಗ ತುಕ್ರ ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಮಳೆಗಾಲದ ಆಟಿ ತಿಂಗಳು ಬಂದಾಗಲೆಲ್ಲ ಗಂಡ ಮಾಯಿಲಪ್ಪ, "ಸತ್ತವರಿಗೆ ಬಡಿಸುವಾಗ ಅವನಿಗೂ ಒಂದು ಎಲೆ ಹಾಕುವ ಮಾರಾಯ್ತಿ, ಹಸಿದುಕೊಂಡು ಅಲೆಯುವುದು ಬೇಡ" ಎನ್ನುತ್ತಿದ್ದ. ಎಲೆ ಹಾಕಿದರೆ ಸತ್ತ ಎಂದು ಒಪ್ಪಿದ ಹಾಗೆ. "ಹೆಣ ಕಂಡವರು ಯಾರುಂಟು? ಹೊಳೆಯ ಕೆಳಗಿನ ಊರಲ್ಲಿ ಯಾರೋ ಎತ್ತಿ ಸಾಕುತ್ತಿರಬಹುದು" ಎಂದು ಅಮ್ಮಣಿ ಜಗಳಕ್ಕೇ ನಿಲ್ಲುತ್ತಿದ್ದಳು. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ತಾನೇ ಕಟ್ಟಿದ ಹಾಡಿನಲ್ಲಿ ಮಗನನ್ನು ಕರೆಯುತ್ತಿದ್ದಳು: "ಬಲ ಬಾಲೆ, ಇಲ್ಲಡೆ ಬಲ." ಬಾ ಮಗು, ಮನೆಗೆ ಬಾ.

ಗದ್ದೆಯ ಧನಿಗಳ ಮಗ, ಮೂಡಬಿದಿರೆಯ ಜಿನದತ್ತನಿಗೆ ಹಾಡಿನ ಹುಚ್ಚು. "ನಿನ್ನ ಹಾಡನ್ನು ಮದರಾಸಿಗೆ ಹೋಗಿ ಗ್ರಾಮಫೋನ್ ಪ್ಲೇಟಿಗೆ ಹಾಡ್ತೇನೆ ಅಮ್ಮಣಿ, ಕೊಡ್ತೀಯಾ?"

"ಪ್ಲೇಟು ಎಲ್ಲಾ ಊರಿಗೂ ಹೋಗ್ತದಾ ಧನಿ?"

"ಹೋಗದೆ ಮತ್ತೆ?"

"ಹಾಗಾದರೆ ಹಾಡಿ. ನನ್ನ ತುಕ್ರ ಎಲ್ಲಿದ್ದರೂ ಕೇಳಿ ಬಂದಾನು."

ಜಿನದತ್ತ ಕೆಟ್ಟವನಲ್ಲ, ಗಟ್ಟಿಯಾಗಿ ಬೇಡ ಎನ್ನಲು ಬಾರದವನು, ಅಷ್ಟೆ. ತುಳು ಪ್ಲೇಟು ಯಾರು ಕೊಳ್ಳುತ್ತಾರೆ ಎಂದರು ಕಂಪನಿಯವರು. ಅದನ್ನು ಕನ್ನಡ ಮಾಡಲು ಕೂತ, ಅಲ್ಲಿ ಹಾಡು ಬರೆಯುವವನಿಗೆ 'ಇಲ್ಲಡೆ' ಎಂಬುದು 'ಇಲ್ಲದೆ' ಎಂದು ಕೇಳಿಸಿತು, ಬಾಲೆ ಹುಡುಗಿಯಾದಳು. "ಬಾರೇ ಬಾಲೆ, ನೀನಿಲ್ಲದೆ ನಿದ್ದೆಯಿಲ್ಲವೇ" ಎಂದು ಜಿನದತ್ತ ಹಾಡಿಯೇ ಬಂದ.

ಊರಿನ ಉಸ್ಮಾನನ ಹೋಟೆಲಿನಲ್ಲಿ ಆ ಪ್ಲೇಟು ಹಾಕಿದಾಗ ಹೊರಗೆ ನಿಂತು ಅಮ್ಮಣಿ ಕೇಳಿದಳು. ರಾಗ ಅವಳದೇ. "ಇದು ಯಾರನ್ನು ಕರೆಯುವುದು?" ಎಂದಳು.

"ಯಾವಳೋ ಹುಡುಗಿಯನ್ನು," ಎಂದ ಉಸ್ಮಾನ್, ಏನೂ ತಿಳಿಯದೆ.

ಮುಂದಿನ ಪ್ಲೇಟಿನಲ್ಲಿ ಸರಿ ಮಾಡ್ತೇನೆ ಎಂದು ಜಿನದತ್ತ ಮಾತು ಕೊಟ್ಟ. ಮುಂದಿನದಕ್ಕೆ ಅವನನ್ನು ಯಾರೂ ಕರೆಯಲಿಲ್ಲ. ಮದರಾಸಿನ ಗಾಯಕಿಯೊಬ್ಬಳು ನಡುನಡುವೆ ಕಿಲಕಿಲ ನಗುತ್ತಾ ಜೋಡಿಹಾಡು ಮಾಡಿದಳು. ಮೂರನೆಯವನು ಡ್ರಮ್ಮು, ಸಿಳ್ಳೆ ಸೇರಿಸಿದ. ಬೆಳ್ತಂಗಡಿಯ ಮದುವೆಗಳಲ್ಲೂ ಅದೇ, ವಿಟ್ಲದ ಬಸ್ಸಿನಲ್ಲೂ ಅದೇ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.

ಒಂದು ದಿನ ಬಂಟ್ವಾಳದ ಬಸ್ ನಿಲ್ದಾಣದಲ್ಲಿ ಒಬ್ಬ ಪಡ್ಡೆ ಹುಡುಗ ಅದನ್ನು ಗುನುಗುತ್ತಾ ಹುಡುಗಿಯರ ಮುಂದೆ ಸುಳಿಯುತ್ತಿದ್ದ. ತುಕ್ರ ಇದ್ದಿದ್ದರೆ ಅಷ್ಟೇ ಪ್ರಾಯ. ಅಮ್ಮಣಿ ಅವನ ಕೈ ಹಿಡಿದಳು. "ಮಗಾ, ಈ ಹಾಡು ಕೇಳುವಾಗ ನಿನಗೆ ಯಾರ ನೆನಪಾಗ್ತದೆ?"

"ಹುಡುಗಿಯರದ್ದು ಅಮ್ಮಾ, ಮತ್ತೆ ಯಾರದ್ದು?"

ಅಷ್ಟರಲ್ಲಿ ಹೂ ಮಾರುತ್ತಿದ್ದ ಅವನ ತಾಯಿ ಅವನನ್ನು ಗದರಿ ಕರೆದಳು. ಅಮ್ಮಣಿ ಕೈ ಬಿಟ್ಟಳು.

ಆ ಆಟಿಯಲ್ಲಿ ಬಾಳೆಲೆ ಕೊಯ್ದು ತಂದವಳು ಅವಳೇ. "ಹಾಕುವ," ಎಂದಳು ಗಂಡನಿಗೆ. "ಬದುಕಿದ್ದರೂ ಈ ಹಾಡು ಕೇಳಿ ಅವನು ಯಾವಳನ್ನೋ ಹುಡುಕಿಯಾನು, ಮನೆಗೆ ಬರಲಿಕ್ಕಿಲ್ಲ."

ಬಡಿಸಿಯಾಯಿತು. ಸತ್ತವರನ್ನು ಊಟಕ್ಕೆ ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವುದು ಕ್ರಮ. "ನೀನೇ ಕರೆ," ಎಂದ ಮಾಯಿಲಪ್ಪ.

ಅಮ್ಮಣಿ ಬಾಯಿ ತೆರೆದಳು. "ಬಾರೇ..." ಎಂದು ಬಂತು, ಆ ಗಾಯಕಿಯ ಬಳುಕಿನಲ್ಲೇ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ಕುಸಿದಳು.

ಎಂದೂ ಹಾಡದ ಮಾಯಿಲಪ್ಪ ಒಡಕು ಗಂಟಲಿನಲ್ಲಿ, "ಬಲ ಬಾಲೆ, ಇಲ್ಲಡೆ ಬಲ" ಎಂದು ಕರೆದ. ಆಮೇಲೆ ಅವಳನ್ನು ಎಬ್ಬಿಸಿ ಹೊರಗೆ ತಂದು ಬಾಗಿಲು ಎಳೆದ.